ದೀಪ ಹಿಡಿದ ನರ್ಸಮ್ಮ

ನಮ್ಮ ಚಿಕ್ಕಮ್ಮ ದಾವಣಗೆರೆಯ ಆಸ್ಪತ್ರೆಯಲ್ಲಿ ನರ್ಸ್. ನೈಟ್ ಡ್ಯೂಟಿ ಮುಗಿಸಿ ಬೆಳಿಗ್ಗೆ ಬಸ್ಸಿಗೆ ಹರಿಹರಕ್ಕೆ ಬರ್ತಾಳೆ. ಅದಕ್ಕೇ ನಾನು ಫ್ಲಾರೆನ್ಸ್ ನೈಟಿಂಗೇಲ್ ಬಗ್ಗೆ ಬರೆದಿದ್ದೇನೆ.

ಇವರು 1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್‌ನಲ್ಲಿ ಶ್ರೀಮಂತ ಇಂಗ್ಲಿಷ್ ಮನೆತನದಲ್ಲಿ ಹುಟ್ಟಿದರು. ನರ್ಸ್ ಆಗೋದು ಮನೆಯವರಿಗೆ ಬೇಡವಾಗಿತ್ತು. ಇವರು ಹಟ ಬಿಡಲಿಲ್ಲ, ಮದುವೆಯನ್ನೂ ಆಗಲಿಲ್ಲ. 1854ರಲ್ಲಿ ಯುದ್ಧದ ಗಾಯಾಳುಗಳನ್ನು ನೋಡಿಕೊಳ್ಳಲು 38 ನರ್ಸ್‌ಗಳ ಜೊತೆ ಟರ್ಕಿಗೆ ಹೋದರು. ರಾತ್ರಿ ಹೊತ್ತು ದೀಪ ಹಿಡಿದು ರೋಗಿಗಳ ಹತ್ತಿರ ಹೋಗುತ್ತಿದ್ದರು. 1855ರಲ್ಲಿ ಕ್ರಿಮಿಯಾದಲ್ಲಿ ಇವರಿಗೇ ಜೋರು ಜ್ವರ ಬಂತು. ಆಮೇಲೆ ಎಷ್ಟೋ ವರ್ಷ ಹಾಸಿಗೆ ಹಿಡಿದರು. ಮಲಗಿದಲ್ಲೇ ಬರೆದು ಕೆಲಸ ಮಾಡಿದರು. 1860ರಲ್ಲಿ ಲಂಡನ್ನಿನಲ್ಲಿ ಇವರ ನರ್ಸಿಂಗ್ ಶಾಲೆ ಶುರುವಾಯಿತು. 1910ರಲ್ಲಿ ತೀರಿಕೊಂಡರು.

ಎಲ್ಲರನ್ನೂ ನೋಡಿಕೊಂಡವರನ್ನು ಯಾರು ನೋಡಿಕೊಳ್ಳಬೇಕು? ಈಗ ಚಿಕ್ಕಮ್ಮ ಹಗಲು ಮಲಗಿದರೆ ನಾನು ಗಲಾಟೆ ಮಾಡಲ್ಲ. ಅವಳ ಪಾಪುನ ನಾನೇ ಆಡಿಸ್ತೀನಿ.