*ಇಂದಿನ ಧಮ್ಮ ಚಿಂತನೆ: ಗೊಂಬೆಯೊಳಗಿನ ಕೈ*



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ನಮಗೆ ಗೊಂಬೆಯಾಟ ಎಂದರೆ ಕಿಳ್ಳೇಕ್ಯಾತರ ತೊಗಲುಗೊಂಬೆ. ರಾತ್ರಿಯಿಡೀ ಊರನ್ನೆಲ್ಲ ನಗಿಸಿದ ಆ ಅಲೆಮಾರಿಗಳು ಬೆಳಗಾದರೆ ಊರ ಹೊರಗಿನವರು. ಇಂದು ನಾನು ಹೇಳಹೊರಟಿರುವುದು ಟಿ.ವಿ.ಯಲ್ಲಿ ಗೊಂಬೆ ಆಡಿಸಿದ ಅಮೆರಿಕದ ಜಿಮ್ ಹೆನ್ಸನ್ ಬಗ್ಗೆ. ಒಳಗಿನವರು, ಹೊರಗಿನವರು ಎಂಬ ಗೆರೆ ಅವರ ಕಥೆಯಲ್ಲೂ ಇದೆ.

ಹೆನ್ಸನ್ ಬಿಳಿಯರ ಮನೆಯಲ್ಲಿ ಹುಟ್ಟಿದವರು. ದಿನ 1936ರ ಸೆಪ್ಟೆಂಬರ್ 24, ರಾಜ್ಯ ಮಿಸ್ಸಿಸ್ಸಿಪ್ಪಿ. ಬಾಬಾಸಾಹೇಬರು ಜಾತಿ ವಿನಾಶದ ಪುಸ್ತಕ ಪ್ರಕಟಿಸಿದ ವರ್ಷವೂ ಅದೇ. ಆಗ ಆ ರಾಜ್ಯದಲ್ಲಿ ಕಪ್ಪು ಮಕ್ಕಳಿಗೆ ಒಂದು ಶಾಲೆ, ಬಿಳಿ ಮಕ್ಕಳಿಗೆ ಇನ್ನೊಂದು.

1955ರಲ್ಲಿ ಅವರು ತಾಯಿಯ ಹಳೆಯ ಹಸಿರು ಕೋಟು ಕತ್ತರಿಸಿ, ಪಿಂಗ್‌ಪಾಂಗ್ ಚೆಂಡಿನ ಎರಡು ಹೋಳುಗಳನ್ನು ಕಣ್ಣಾಗಿಸಿ ಒಂದು ಗೊಂಬೆ ಹೊಲಿದರು. ಅದೇ ಮುಂದೆ ಕರ್ಮಿಟ್ ಎಂಬ ಕಪ್ಪೆಯಾಯಿತು. ಕೈಯನ್ನು ತಲೆಯ ಮೇಲಕ್ಕೆತ್ತಿ ಗೊಂಬೆ ಆಡಿಸುವುದು, ಕೆಳಗಿಟ್ಟ ಪುಟ್ಟ ಟಿ.ವಿ. ನೋಡುತ್ತ ಅದನ್ನು ತಿದ್ದಿಕೊಳ್ಳುವುದು ಅವರ ಪದ್ಧತಿ. ಮಕ್ಕಳಿಗೆ ಕಾಣುವುದು ಕಪ್ಪೆ ಮಾತ್ರ, ಕೈ ಕಾಣುವುದಿಲ್ಲ.

1969ರ ನವೆಂಬರ್ 10ರಂದು ಸೆಸಮಿ ಸ್ಟ್ರೀಟ್ ಶುರುವಾಯಿತು. ಶಾಲೆಗೆ ಸೇರುವ ಮೊದಲೇ ಬಡವರ ಮಕ್ಕಳು ಹಿಂದೆ ಬೀಳಬಾರದು ಎಂದು ಜೋನ್ ಗ್ಯಾಂಜ್ ಕೂನಿ ಮತ್ತು ಸಂಗಡಿಗರು ರೂಪಿಸಿದ ಕಾರ್ಯಕ್ರಮ ಅದು. ಗೊಂಬೆಗಳು ಹೆನ್ಸನ್ ತಂಡದವು. ಆ ಬೀದಿಯ ಗಾರ್ಡನ್ ಮೇಷ್ಟ್ರು ಕಪ್ಪು ಜನಾಂಗದವರು. ಎಲ್ಲ ಬಣ್ಣದ ಮಕ್ಕಳೂ ಅಲ್ಲಿ ಕೂಡಿ ಆಡುತ್ತಿದ್ದರು.

1970ರಲ್ಲಿ ಹೆನ್ಸನ್ ಹುಟ್ಟಿದ ಅದೇ ಮಿಸ್ಸಿಸ್ಸಿಪ್ಪಿಯ ಶೈಕ್ಷಣಿಕ ಟಿ.ವಿ. ಆಯೋಗ ಈ ಕಾರ್ಯಕ್ರಮವನ್ನು ತಡೆಯಿತು. ಕಪ್ಪೆ ಮಾತಾಡಿದ್ದನ್ನು ಅವರು ಒಪ್ಪಿದರು. ಕಪ್ಪು ಮಗು, ಬಿಳಿ ಮಗು ಒಟ್ಟಿಗೆ ಕೂತದ್ದನ್ನು ಒಪ್ಪಲಾಗಲಿಲ್ಲ. ಸುದ್ದಿ ದೇಶಕ್ಕೆಲ್ಲ ಹರಡಿತು, ವಿರೋಧ ಎದ್ದಿತು. ಕೆಲವೇ ವಾರಗಳಲ್ಲಿ ತಡೆ ತೆಗೆಯಬೇಕಾಯಿತು.

ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಬೇರೆ ಕೂತು ಓದಿದ ಬಾಬಾಸಾಹೇಬರ ಮಕ್ಕಳಾದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅಕ್ಷರಕ್ಕಿಂತ ಮೊದಲು ಮಗು ಕಲಿಯುವುದು ತನ್ನ ಪಕ್ಕದಲ್ಲಿ ಯಾರು ಕೂರಬಹುದು ಎಂಬುದನ್ನು.

ಕಾಯಿಲೆ ಬಿದ್ದಾಗ ಹೆನ್ಸನ್ ಆಸ್ಪತ್ರೆಗೆ ಹೋಗಲು ತಡಮಾಡಿದರು. ನ್ಯುಮೋನಿಯಾ ಬಿಡಲಿಲ್ಲ. 1990ರ ಮೇ 16ರಂದು, 53ನೇ ವಯಸ್ಸಿನಲ್ಲಿ ತೀರಿಕೊಂಡರು. ತಮ್ಮ ನೆನಪಿನ ಸಭೆಗೆ ಯಾರೂ ಕಪ್ಪು ಬಟ್ಟೆ ತೊಡಬಾರದು ಎಂದು ಮೊದಲೇ ಬರೆದಿಟ್ಟಿದ್ದರು.

ಕರ್ಮಿಟ್ ಮಾತ್ರ ಸುಮ್ಮನಾಗಲಿಲ್ಲ. ತಂಡದ ಸ್ಟೀವ್ ವಿಟ್ಮೈರ್ ಅದಕ್ಕೆ ಕೈ ಕೊಟ್ಟರು. 2002ರಲ್ಲಿ ದಕ್ಷಿಣ ಆಫ್ರಿಕಾದ ಕಾರ್ಯಕ್ರಮಕ್ಕೆ ಎಚ್‌ಐವಿ ಇರುವ ಕಾಮಿ ಎಂಬ ಗೊಂಬೆ ಬಂತು. ರೋಗಿಯನ್ನು ದೂರ ಇಡಬೇಡಿ ಎಂದು ಮಕ್ಕಳಿಗೆ ಕಲಿಸಿತು. 2006ರಲ್ಲಿ ನಮ್ಮ ದೇಶದಲ್ಲಿ ಗಲಿ ಗಲಿ ಸಿಮ್ ಸಿಮ್ ಆರಂಭವಾಯಿತು.

ಸಂಯುತ್ತ ನಿಕಾಯದಲ್ಲಿ ಸೇಲಾ ಭಿಕ್ಖುಣಿಯನ್ನು ಮಾರ ಕೆಣಕುತ್ತಾನೆ: ಈ ದೇಹವೆಂಬ ಗೊಂಬೆಯನ್ನು ಮಾಡಿದವರು ಯಾರು? ಇದನ್ನು ತಾನೂ ಮಾಡಿಕೊಂಡಿಲ್ಲ, ಬೇರೊಬ್ಬನೂ ಮಾಡಿಲ್ಲ. ಕಾರಣಗಳಿಂದ ಬಂದದ್ದು ಕಾರಣ ಮುರಿದರೆ ಹೋಗುತ್ತದೆ ಎಂಬುದು ಆಕೆಯ ಉತ್ತರದ ಸಾರ. ಹೆನ್ಸನ್‌ರಿಂದ ಯಾವ ಆತ್ಮವೂ ದಾಟಿ ಬರಲಿಲ್ಲ. ಅವರು ಕಲಿಸಿದ ಕೆಲಸ ದಾಟಿ ಬಂತು.

ಭಾನುವಾರ ನಾನು ಮಕ್ಕಳಿಗೆ ಪಾಠ ಹೇಳುವಾಗ ಇದನ್ನೇ ನೆನೆಯುತ್ತೇನೆ. ನಮ್ಮ ಹೆಸರು ಅವರಿಗೆ ನೆನಪಿರಬೇಕಿಲ್ಲ. ಈ ವಾರ ಓಣಿಯ ಒಂದು ಮಗುವನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು ಓದಿಸೋಣ, ಯಾರ ಮನೆಯ ಮಗು ಎಂದು ಕೇಳದೆ.

ಜೈ ಭೀಮ್. ನಮೋ ಬುದ್ಧಾಯ.