ಟಿ.ಆರ್. ಬೆಲ್: ಕೀಟಗಳ ಗುರುತು ಹಿಡಿದ ಅರಣ್ಯಾಧಿಕಾರಿ

ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆ ಹಾಗೂ ಪತಂಗಗಳ ಅಧ್ಯಯನಕ್ಕೆ ಭದ್ರ ಬುನಾದಿ ಹಾಕಿದವರಲ್ಲಿ ಅರಣ್ಯಾಧಿಕಾರಿ ಥಾಮಸ್ ರೀಡ್ ಡೇವಿಸ್ ಬೆಲ್ ಅವರು ಪ್ರಮುಖರು. ಕೀಟಗಳ ಛಾಯಾಚಿತ್ರ ತೆಗೆದು ಅವುಗಳ ಹೆಸರು ತಿಳಿಯಬಯಸುವ ಇಂದಿನ ಆಸಕ್ತರಿಗೂ ಅವರ ಕಾರ್ಯವಿಧಾನವು ಮಾರ್ಗದರ್ಶಕವಾಗಿದೆ.

ಜನನ ಮತ್ತು ಸೇವೆ

ಬೆಲ್ ಅವರು 1863ರಲ್ಲಿ ಐರ್ಲೆಂಡಿನಲ್ಲಿ ಜನಿಸಿದರು. ಭಾರತದಲ್ಲಿ ಅರಣ್ಯ ಸೇವೆಗೆ ಸೇರಿ ಮುಂಬಯಿ ಪ್ರಾಂತದಲ್ಲಿ ಕಾರ್ಯನಿರ್ವಹಿಸಿದರು. ಉತ್ತರ ಕನ್ನಡ ಜಿಲ್ಲೆಯು ಆಗ ಸದರಿ ಪ್ರಾಂತಕ್ಕೆ ಸೇರಿತ್ತು. ಇಲ್ಲಿ ಅವರಿಗೆ ಜಿಲ್ಲಾಧಿಕಾರಿ ಜೇಮ್ಸ್ ಡೇವಿಡ್‌ಸನ್ ಮತ್ತು ಸುಂಕ ಹಾಗೂ ಉಪ್ಪು ಇಲಾಖೆಯ ಇ.ಎಚ್. ಐಟ್ಕನ್ ಅವರ ಒಡನಾಟ ದೊರೆಯಿತು. ಈ ಮೂವರೂ ಸರ್ಕಾರಿ ಕರ್ತವ್ಯದ ಜೊತೆಯಲ್ಲಿಯೇ ಜಿಲ್ಲೆಯ ಚಿಟ್ಟೆಗಳನ್ನು ಅಧ್ಯಯನ ಮಾಡಿ, 1896-97ರಲ್ಲಿ ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ವಿಸ್ತೃತ ಲೇಖನಮಾಲೆಯನ್ನು ಪ್ರಕಟಿಸಿದರು.

ಕಾರ್ಯವಿಧಾನ

ರೆಕ್ಕೆಯ ಬಣ್ಣವನ್ನು ಮಾತ್ರ ನೋಡಿ ಹೆಸರು ನಿರ್ಧರಿಸುವುದು ಬೆಲ್ ಅವರ ಕ್ರಮವಾಗಿರಲಿಲ್ಲ. ಕಂಬಳಿಹುಳುಗಳನ್ನು ತಂದು, ಅವು ತಿನ್ನುವ ಎಲೆಗಳನ್ನೇ ನೀಡಿ ಸಾಕಿ, ಕೋಶಾವಸ್ಥೆಯಿಂದ ಹೊರಬರುವ ಕೀಟವನ್ನು ಪರಿಶೀಲಿಸುತ್ತಿದ್ದರು. ಯಾವ ಹುಳು ಯಾವ ಗಿಡವನ್ನು ಆಶ್ರಯಿಸುತ್ತದೆ ಎಂಬುದನ್ನು ದಾಖಲಿಸುತ್ತಿದ್ದರು.

ಈ ಕ್ರಮದ ಮಹತ್ವವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಕಾಮನ್ ಮಾರ್ಮನ್ ಚಿಟ್ಟೆಯ ಕೆಲವು ಹೆಣ್ಣುಗಳು, ಹಕ್ಕಿಗಳಿಗೆ ರುಚಿಸದ ಕಾಮನ್ ರೋಸ್ ಚಿಟ್ಟೆಯನ್ನು ಹೋಲುತ್ತವೆ. ರೆಕ್ಕೆಗಳ ಚಿತ್ರ ಮಾತ್ರವಿದ್ದರೆ ತಪ್ಪು ಹೆಸರು ನಮೂದಾಗುವ ಸಂಭವವಿದೆ. ಆದರೆ ಕಾಮನ್ ರೋಸ್‌ನ ದೇಹವು ಕೆಂಪು, ಮಾರ್ಮನ್‌ನ ದೇಹವು ಕಪ್ಪು. ಮೊದಲನೆಯದರ ಹುಳು ಈಶ್ವರಿ ಬಳ್ಳಿಯಲ್ಲಿಯೂ, ಎರಡನೆಯದರ ಹುಳು ನಿಂಬೆ, ಕರಿಬೇವು ಮುಂತಾದ ಗಿಡಗಳಲ್ಲಿಯೂ ಬೆಳೆಯುತ್ತದೆ.

ಕೊನೆಯ ದಿನಗಳು

ನಿವೃತ್ತಿಯ ನಂತರ ಬೆಲ್ ಅವರು ಸ್ವದೇಶಕ್ಕೆ ಮರಳದೆ ಕಾರವಾರದಲ್ಲಿಯೇ ನೆಲೆಸಿ ಅಧ್ಯಯನವನ್ನು ಮುಂದುವರಿಸಿದರು. ಹಾಕ್ ಮಾತ್ ಎಂಬ ವೇಗವಾಗಿ ಹಾರುವ ಪತಂಗಗಳನ್ನು ಕುರಿತು ಎಫ್.ಬಿ. ಸ್ಕಾಟ್ ಅವರೊಡನೆ ರಚಿಸಿದ ಸಂಪುಟವು 1937ರಲ್ಲಿ ಬ್ರಿಟಿಷ್ ಭಾರತದ ಪ್ರಾಣಿಸಂಕುಲ ಗ್ರಂಥಮಾಲೆಯಲ್ಲಿ ಪ್ರಕಟವಾಯಿತು. ಆಗ ಅವರ ವಯಸ್ಸು ಎಪ್ಪತ್ತನ್ನು ದಾಟಿತ್ತು. 1948ರಲ್ಲಿ ಕಾರವಾರದಲ್ಲಿಯೇ ನಿಧನರಾದರು.

ಸಾರ್ವಜನಿಕರ ಗಮನಕ್ಕೆ

ಕೀಟಗಳ ಛಾಯಾಚಿತ್ರ ತೆಗೆಯುವವರು ರೆಕ್ಕೆಯ ಮೇಲ್ಭಾಗ, ಕೆಳಭಾಗ ಹಾಗೂ ದೇಹವು ಸ್ಪಷ್ಟವಾಗಿ ಕಾಣುವಂತೆ ಚಿತ್ರಗಳನ್ನು ತೆಗೆದು, ದಿನಾಂಕ, ಸ್ಥಳ ಮತ್ತು ಕುಳಿತಿದ್ದ ಗಿಡದ ಹೆಸರನ್ನು ಬರೆದಿಟ್ಟುಕೊಳ್ಳುವುದು ಸೂಕ್ತ. ವನ್ಯಜೀವಿಧಾಮದೊಳಗೆ ಛಾಯಾಗ್ರಹಣಕ್ಕಾಗಿ ಪ್ರವೇಶಿಸಲು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಅನ್ವಯ ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದು. ಕೆಲವು ಚಿಟ್ಟೆಗಳು ಸದರಿ ಅಧಿನಿಯಮದ ಅನುಸೂಚಿಗಳಲ್ಲಿ ಸೇರಿರುವುದರಿಂದ, ಕೀಟಗಳನ್ನು ಹಿಡಿಯದೆ ಅವು ಇರುವಲ್ಲಿಯೇ ಚಿತ್ರ ತೆಗೆಯಬೇಕಾಗಿ ಕೋರಲಾಗಿದೆ.