ನಾಡಿಯ ಲಯವನ್ನು ಅರಸಿದ ಸರ್ ಜೇಮ್ಸ್ ಮೆಕೆಂಜಿ

ನಾನು ಇತಿಹಾಸದ ವಿದ್ಯಾರ್ಥಿ, ವೈದ್ಯಶಾಸ್ತ್ರವನ್ನು ಓದಿದವನಲ್ಲ. ಆದರೂ ಒಬ್ಬ ವೈದ್ಯರ ಚರಿತ್ರೆಯನ್ನು ಬರೆಯಲು ಕಾರಣವುಂಟು. ನಮ್ಮೂರಾದ ಮೆಟ್ರಿಯಲ್ಲಿ ಅಜ್ಜಿಯು ಎದೆ ಡವಗುಟ್ಟುತ್ತದೆಂದು ಬಹುದಿನ ಹೇಳುತ್ತಲೇ ಇದ್ದಳು. ವಯಸ್ಸಾಯಿತೆಂದು ನಾವು ಸುಮ್ಮನಿದ್ದೆವು. ಒಂದು ಮುಂಜಾನೆ ಆಕೆಯ ಬಲಗೈ ಸ್ವಾಧೀನ ತಪ್ಪಿತು. ಹೊಸಪೇಟೆಯಲ್ಲಿ ಇ.ಸಿ.ಜಿ. ತೆಗೆದ ವೈದ್ಯರು, ಹೃದಯದ ಮೇಲಿನ ಕೋಣೆಗಳು ಮಿಡಿಯುವುದನ್ನು ಬಿಟ್ಟು ಬರಿದೆ ನಡುಗುತ್ತಿವೆ, ಅಲ್ಲಿ ನಿಂತ ರಕ್ತವು ಹೆಪ್ಪುಗಟ್ಟಿ ಮಿದುಳಿಗೆ ಹೋಗಿದೆಯೆಂದು ತಿಳಿಸಿದರು. ಈ ರೋಗವನ್ನು ಅರಿಯುವ ದಾರಿಯನ್ನು ತೋರಿದವರಲ್ಲಿ ಮೆಕೆಂಜಿಯವರು ಮೊದಲಿಗರು.

ಅವರು 1853ರಲ್ಲಿ ಸ್ಕಾಟ್ಲೆಂಡಿನ ಸ್ಕೋನ್ ಎಂಬಲ್ಲಿ ಒಕ್ಕಲು ಮನೆತನದಲ್ಲಿ ಹುಟ್ಟಿದರು. ಹುಡುಗತನದಲ್ಲೇ ಶಾಲೆ ಬಿಟ್ಟು ಔಷಧದ ಅಂಗಡಿಯಲ್ಲಿ ದುಡಿದರು. ತರುವಾಯ ಎಡಿನ್‌ಬರೋದಲ್ಲಿ ಓದಿ 1878ರಲ್ಲಿ ವೈದ್ಯರಾದರು. ಮರುವರ್ಷ ಹತ್ತಿಗಿರಣಿಗಳ ಊರಾದ ಬರ್ನ್ಲಿಗೆ ಬಂದರು. ಅಲ್ಲಿ ಹೃದಯರೋಗವಿದ್ದ ಗರ್ಭಿಣಿಯೊಬ್ಬಳು ಹೆರಿಗೆಯ ಹೊತ್ತಿನಲ್ಲಿ ಅವರ ಕಣ್ಣೆದುರೇ ತೀರಿಕೊಂಡಳು. ಅಪಾಯವನ್ನು ಮುಂಚೆಯೇ ಅರಿಯಲಾಗಲಿಲ್ಲವೆಂಬ ಕೊರಗು ಅವರನ್ನು ಬಿಡಲಿಲ್ಲ. ಅಂದಿನಿಂದ ರೋಗಿಗಳ ನಾಡಿಯನ್ನು ಬರೆದಿಡತೊಡಗಿದರು.

ಊರಿನ ಗಡಿಯಾರದವನೊಬ್ಬನ ನೆರವಿನಿಂದ ಒಂದು ಯಂತ್ರವನ್ನು ಮಾಡಿಸಿದರು. ಮಣಿಕಟ್ಟಿನ ನಾಡಿಯನ್ನೂ ಕೊರಳಿನ ರಕ್ತನಾಳದ ಅಲೆಯನ್ನೂ ಅದು ಒಟ್ಟಿಗೇ ಶಾಯಿಯಲ್ಲಿ ಕಾಗದದ ಮೇಲೆ ಗೀಚುತ್ತಿತ್ತು. ಕೊರಳಿನ ಅಲೆಯಲ್ಲಿ ಮೇಲಿನ ಕೋಣೆಯ ಮಿಡಿತವು ಕಾಣುತ್ತದೆ. ಕೀಲುವಾತದ ಜ್ವರದಿಂದ ಹೃದಯ ಕೆಟ್ಟ ಒಬ್ಬ ಹೆಂಗಸನ್ನು ಅವರು ವರುಷಗಟ್ಟಲೆ ಪರೀಕ್ಷಿಸುತ್ತ ಬಂದಿದ್ದರು. 1890ರ ದಶಕದ ಕೊನೆಗೆ ಒಮ್ಮೆ ಆಕೆಯ ನಾಡಿಯು ಲಯಗೆಟ್ಟಿತು. ಅದೇ ಹೊತ್ತಿಗೆ ಕೊರಳಿನ ಆ ಅಲೆಯೂ ಮಾಯವಾಗಿತ್ತು! ಹಳೆಯ ಗೀಟುಗಳು ಕೈಯಲ್ಲಿರದಿದ್ದರೆ ಇದು ತಿಳಿಯುತ್ತಿರಲಿಲ್ಲ.

ಮೇಲಿನ ಕೋಣೆಯು ಮಿಡಿಯುವುದನ್ನೇ ನಿಲ್ಲಿಸಿದೆಯೆಂದು ಅವರು ಮೊದಲು ಎಣಿಸಿದರು. ಬಳಿಕ ಬೇರೊಂದು ವಿವರಣೆಯನ್ನು ಹಿಡಿದರು. ಎರಡೂ ತಪ್ಪು. ಐಂಥೋವನ್ ರೂಪಿಸಿದ ವಿದ್ಯುತ್ ಯಂತ್ರದಿಂದ ಅದು ನಡುಕವೆಂದು 1909ರಲ್ಲಿ ತೋರಿಸಿದವರು ಮೆಕೆಂಜಿಯವರಿಂದಲೇ ಪ್ರೇರಣೆ ಪಡೆದ ಥಾಮಸ್ ಲೂಯಿಸ್. ನನಗಂತೂ ಈ ತಪ್ಪುಗಳಿಂದ ಅವರು ಕಿರಿದಾಗಿ ಕಾಣಲಿಲ್ಲ. ಡಿಜಿಟಾಲಿಸ್ ಗಿಡದ ಮದ್ದು ಇಂಥ ನಾಡಿಯ ಓಟವನ್ನು ತಗ್ಗಿಸುವುದನ್ನು ಅವರು ರೋಗಿಗಳಲ್ಲಿ ನೋಡಿ ತಿಳಿಸಿದ್ದರು. ಇಂದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆಗಳೂ ಇವೆ. ಅಜ್ಜಿಗೆ ಅದನ್ನು ತಪ್ಪದೆ ಕೊಡುವುದು ನನ್ನ ಪಾಲಿನ ಕೆಲಸ.

1907ರಲ್ಲಿ ಅವರು ಲಂಡನ್ನಿಗೆ ಹೋದರು. 1915ರಲ್ಲಿ ಸರ್ ಪದವಿ ಬಂದಿತು. ಆದರೆ ರೋಗದ ಮೊದಲ ಚಿಹ್ನೆಗಳನ್ನು ಕಾಣುವವನು ದೊಡ್ಡ ಆಸ್ಪತ್ರೆಯ ಪಂಡಿತನಲ್ಲ, ಮನೆಮನೆಗೆ ಹೋಗುವ ಊರ ವೈದ್ಯನೆಂಬುದು ಅವರ ದೃಢವಾದ ನಂಬಿಕೆ. ಅದಕ್ಕಾಗಿಯೇ 1919ರಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿ ಒಂದು ಸಂಸ್ಥೆಯನ್ನು ಕಟ್ಟಿದರು. ಅಷ್ಟರಲ್ಲಿ ಎದೆನೋವು ಅವರನ್ನೇ ಹಿಡಿದಿತ್ತು. ಅದನ್ನೂ ಅವರು ರೋಗಿಯ ನಾಡಿಯನ್ನು ನೋಡಿದಂತೆಯೇ ಗಮನಿಸುತ್ತ ಬಂದರು. 1925ರ ಜನವರಿಯಲ್ಲಿ ತೀರಿಕೊಂಡ ಮೇಲೆ ಶಿಷ್ಯರು ಆ ಹೃದಯವನ್ನು ತೆಗೆದು ಪರೀಕ್ಷಿಸಿ, ಸೇಂಟ್ ಆಂಡ್ರೂಸ್‌ನಲ್ಲಿ ಕಾಪಿಟ್ಟರು.